ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ತಪಾಸಣೆಗೆ ಬಾರದ ಬಸುರಿಯರ ಲೆಕ್ಕ ಯಾರ ಹತ್ತಿರ ಇದೆ?

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಗರ್ಭಿಣಿಯರ ತಪಾಸಣಾ ವಿಭಾಗದಲ್ಲಿ ಕೆಲಸ ಮಾಡುವ ನರ್ಸ್. ಬಿಪಿ ನೋಡುವುದು, ತೂಕ ಬರೆಯುವುದು, ಹೊಟ್ಟೆ ಅಳೆಯುವುದು, ಮಾತ್ರೆ ಕೊಡುವುದು, ರಿಜಿಸ್ಟರ್ ತುಂಬುವುದು, ಇದರಲ್ಲೇ ನನ್ನ ದಿನ ಮುಗಿಯುತ್ತದೆ. ಈ ಪತ್ರವನ್ನು ಇಲಾಖೆಯ ಮೂಲಕವೇ ಕಳಿಸಬಹುದಿತ್ತು. ಆದರೆ ಆ ದಾರಿಯಲ್ಲಿ ಮೇಲೆ ಹೋದ ಕಾಗದ 'ಗಮನಕ್ಕೆ ತರಲಾಗಿದೆ' ಅನ್ನುವ ಒಂದು ಸಾಲಾಗಿ ವಾಪಸ್ ಬರುತ್ತದೆ. ಅದಕ್ಕೇ ಎಲ್ಲರ ಎದುರು ಬರೆಯುತ್ತಿದ್ದೇನೆ.

ನಿಮ್ಮ ಪರಿಶೀಲನಾ ಸಭೆಗಳಲ್ಲಿ ತಾಯಂದಿರ ವಿಷಯ ಬಂದರೆ ಎರಡು ಅಂಕಿಗಳ ಮೇಲೇ ಎಲ್ಲರ ಕಣ್ಣು. ಎಷ್ಟು ಗರ್ಭಿಣಿಯರ ಹೆಸರು ನೋಂದಣಿಯಾಯಿತು, ಎಷ್ಟು ಹೆರಿಗೆ ಆಸ್ಪತ್ರೆಯಲ್ಲಾಯಿತು. ಎರಡೂ ಬೇಕಾದ ಅಂಕಿಗಳೇ, ತಕರಾರಿಲ್ಲ. ಆದರೆ ಇವೆರಡರ ನಡುವೆ ಆರೇಳು ತಿಂಗಳಿವೆ. ಹೆಸರು ಬರೆಸಿ ಹೋದವಳು ಆಮೇಲೆ ಬಂದಳಾ? ಬಂದಾಗ ನಾವು ನಿಜವಾಗಿ ಏನು ನೋಡಿದೆವು? ಬಾರದಿದ್ದರೆ ಯಾರಾದರೂ ವಿಚಾರಿಸಿದರಾ? ನಾವು ಪ್ರತಿ ತಿಂಗಳು ಕಳಿಸುವ ವರದಿಯಲ್ಲಿ ಈ ಮೂರನೇ ಪ್ರಶ್ನೆಗೆ ಒಂದು ಕಾಲಂ ಕೂಡ ಇಲ್ಲ. ನಾನು ಈ ಪತ್ರದಲ್ಲಿ ಕೇಳುತ್ತಿರುವುದು ಮುಖ್ಯವಾಗಿ ಆ ಒಂದು ಕಾಲಂ.

'ನಾನು ಚೆನ್ನಾಗೇ ಇದ್ದೀನಲ್ಲ ಸಿಸ್ಟರ್, ಸುಮ್ನೆ ಯಾಕೆ ಬರಬೇಕು?' ಅಂತ ಕೇಳುವವರು ಬಹಳ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕಾಯಿಲೆ ಅಂದರೆ ನೋವು, ಜ್ವರ ಅಂತಲೇ ನಾವೆಲ್ಲ ಕಲಿತದ್ದು. ಬಸಿರಿನ ದೊಡ್ಡ ತೊಂದರೆಗಳು ಹಾಗಲ್ಲ. ಬಿಪಿ ಏರುವುದನ್ನೇ ತೆಗೆದುಕೊಳ್ಳಿ. 20 ವಾರ ದಾಟಿದ ಮೇಲೆ ಹೊಸದಾಗಿ ಬಿಪಿ 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಹೋಗಲು ಶುರುವಾದರೆ ಅದಕ್ಕೆ ಪ್ರಿಎಕ್ಲಾಂಪ್ಸಿಯಾ ಅನ್ನುತ್ತೇವೆ. ನೂರು ಬಸುರಿಯರಲ್ಲಿ ಸುಮಾರು 2ರಿಂದ 8 ಮಂದಿಗೆ ಬರುತ್ತದೆ. ಶುರುವಿನಲ್ಲಿ ಅವಳಿಗೆ ಏನೂ ಅನಿಸುವುದಿಲ್ಲ. ಕಾಲು ಊದಿದರೆ 'ಬಸಿರಲ್ಲಿ ಊದೇ ಊದುತ್ತೆ' ಅಂತ ಸಮಾಧಾನ ಹೇಳುವವರು ಅಕ್ಕಪಕ್ಕ ಇದ್ದೇ ಇರುತ್ತಾರೆ. ಕಡಿಮೆಯಾಗದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ಬಲಗಡೆ ನೋವು, ಇವೆಲ್ಲ ಕಾಣಿಸಿಕೊಳ್ಳುವ ಹೊತ್ತಿಗೆ ಕೈಯಲ್ಲಿ ಉಳಿದ ಸಮಯ ಕಡಿಮೆ. ಮುಂದಿನದು ಫಿಟ್ಸ್. ಯಕೃತ್ತು, ಕಿಡ್ನಿ, ಮೆದುಳು ಎಲ್ಲಕ್ಕೂ ಏಟು ಬೀಳುತ್ತದೆ. ಮಾಸಿಗೆ ರಕ್ತ ಸರಿಯಾಗಿ ಹೋಗದೆ ಮಗು ಸೊರಗುತ್ತದೆ.

ಇದನ್ನು ಮೊದಲೇ ಹಿಡಿಯಲು ಬೇಕಾದದ್ದು ಒಂದು ಬಿಪಿ ಮೆಷಿನ್, ಮೂತ್ರದಲ್ಲಿ ಅದ್ದುವ ಒಂದು ಪಟ್ಟಿ. ಅಷ್ಟೇ. ಆದರೆ ಒಂದು ಸಲ ನೋಡಿದರೆ ಸಾಲದು. 16ನೇ ವಾರದಲ್ಲಿ 110/70 ಇದ್ದವಳಿಗೆ 33ನೇ ವಾರದಲ್ಲಿ 150/100 ಆಗಬಹುದು. ಹಾಗಾಗಿಯೇ ಒಂದು ತಪಾಸಣೆಗಿಂತ ತಪಾಸಣೆಗಳ ಸಾಲು ಮುಖ್ಯ. ಮೊದಲ ಬಾರಿ ಬರೆದಿಟ್ಟ ಅಂಕಿ ಇದ್ದರೆ ತಾನೇ ಈಗಿನದು ಏರಿದೆ ಅಂತ ಗೊತ್ತಾಗುವುದು?

ಒಂದು ಪ್ರಸಂಗ ಹೇಳುತ್ತೇನೆ. ಇಪ್ಪತ್ತರ ಆಸುಪಾಸಿನ ಹುಡುಗಿ, ಚೊಚ್ಚಲು. ಮೊದಲ ಎರಡು ತಪಾಸಣೆಗೆ ಸರಿಯಾದ ದಿನಕ್ಕೇ ಬಂದಳು, ಎಲ್ಲ ಚೆನ್ನಾಗಿತ್ತು. ಆಮೇಲೆ 30ನೇ ವಾರದ್ದಕ್ಕೆ ಬರಲಿಲ್ಲ. ರಿಜಿಸ್ಟರ್‌ನಲ್ಲಿ ಅವಳ ಸಾಲಿನ ಮುಂದೆ ಖಾಲಿ ಚೌಕ. ಆ ಚೌಕ ಖಾಲಿ ಇದೆ ಅಂತ ಯಾರಿಗೂ ಸುದ್ದಿ ಹೋಗುವ ವ್ಯವಸ್ಥೆ ಇರಲಿಲ್ಲ. 34ನೇ ವಾರದಲ್ಲಿ ತಲೆ ಹಿಡಿದುಕೊಂಡು ಬಂದಳು. ಬಿಪಿ 170/110. ಮೂತ್ರದ ಪಟ್ಟಿ ಅದ್ದಿದ ತಕ್ಷಣ ಗಾಢ ಹಸಿರಿಗೆ ತಿರುಗಿತು, ಅಂದರೆ ಪ್ರೋಟೀನ್ ಬಹಳ ಹೋಗುತ್ತಿದೆ. ಫಿಟ್ಸ್ ಬಾರದಂತೆ ತಡೆಯುವ ಮ್ಯಾಗ್ನೀಷಿಯಂ ಸಲ್ಫೇಟ್ ಕೊಟ್ಟು, ಬಿಪಿ ಇಳಿಸುವ ಔಷಧ ಶುರು ಮಾಡಿ, ದೊಡ್ಡಾಸ್ಪತ್ರೆಗೆ ಕಳಿಸಿದೆವು. ತಾಯಿ ಉಳಿದಳು, ದಿನ ತುಂಬದ ಮಗು ಗಾಜಿನ ಪೆಟ್ಟಿಗೆಯಲ್ಲಿ ಹಲವು ದಿನ ಇದ್ದು ಅದೂ ಉಳಿಯಿತು. ಯಾಕೆ ಬರಲಿಲ್ಲ ಅಂತ ಆಮೇಲೆ ಕೇಳಿದೆ. ಗಂಡನಿಗೆ ರಜೆ ಸಿಗಲಿಲ್ಲವಂತೆ, ಒಬ್ಬಳೇ ಬರಲು ಧೈರ್ಯವಾಗಲಿಲ್ಲವಂತೆ. ಒಂದು ಫೋನ್ ಮಾಡಿದ್ದರೆ ಬಗೆಹರಿಯುವ ವಿಷಯ ಇದು.

ಆ ಮ್ಯಾಗ್ನೀಷಿಯಂ ಸಲ್ಫೇಟ್ ಬಗ್ಗೆ ಒಂದು ಮಾತು. ಇದು ಹಳೆಯ, ಅಗ್ಗದ ಔಷಧ. 2002ರಲ್ಲಿ ಪ್ರಕಟವಾದ, 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲಿನ ಅಧ್ಯಯನದಲ್ಲಿ ಇದು ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು. ಆದರೆ ಯಾರಿಗೆ ಕೊಡಬೇಕು ಅಂತ ಗೊತ್ತಾಗಬೇಕಲ್ಲ? ಬಿಪಿಯೇ ನೋಡದವಳಿಗೆ ಔಷಧದ ದಾಸ್ತಾನು ಇದ್ದೂ ಇಲ್ಲದಂತೆ.

ಇನ್ನು ಎಷ್ಟು ಸಲ ಬರಬೇಕು ಅನ್ನುವ ಪ್ರಶ್ನೆ. ಇದಕ್ಕೆ ಒಂದು ಕತೆಯೇ ಇದೆ. ಬ್ರಿಟನ್ನಿನ ಆರೋಗ್ಯ ಸಚಿವಾಲಯ 1929ರಲ್ಲಿ ಒಂದು ಸುತ್ತೋಲೆ ಹೊರಡಿಸಿತು. 16ನೇ ವಾರಕ್ಕೆ ಮೊದಲ ಭೇಟಿ, ಆಮೇಲೆ 24, 28, ಅಲ್ಲಿಂದ 36ರವರೆಗೆ ಎರಡು ವಾರಕ್ಕೊಮ್ಮೆ, ಕೊನೆಗೆ ವಾರ ವಾರ. ಅಧ್ಯಯನ ಮಾಡಿ ಹಾಕಿದ ಲೆಕ್ಕ ಅಲ್ಲ, ಆದರೂ ಎಷ್ಟೋ ದೇಶಗಳು ದಶಕಗಳ ಕಾಲ ಇದನ್ನೇ ಪಾಲಿಸಿದವು. ಆಮೇಲೆ 'ಇಷ್ಟೆಲ್ಲ ಬೇಕಾ?' ಅನ್ನುವ ಅನುಮಾನ ಬಂತು. ಅರ್ಜೆಂಟೀನಾ, ಕ್ಯೂಬಾ, ಸೌದಿ ಅರೇಬಿಯಾ, ಥಾಯ್ಲೆಂಡ್‌ಗಳಲ್ಲಿ ದೊಡ್ಡ ಅಧ್ಯಯನ ನಡೆಯಿತು, 2001ರಲ್ಲಿ ಪ್ರಕಟವಾಯಿತು. ಅದರ ಆಧಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೊಂದರೆ ಇಲ್ಲದವರಿಗೆ ನಾಲ್ಕು ಭೇಟಿ ಸಾಕು ಅಂದಿತು. ಎಲ್ಲರಿಗೂ ಖುಷಿ. ಸಿಬ್ಬಂದಿಗೆ ಕೆಲಸ ಕಡಿಮೆ, ತಾಯಂದಿರಿಗೆ ಓಡಾಟ ಕಡಿಮೆ.

ಆದರೆ ಅದೇ ಅಧ್ಯಯನದ ಅಂಕಿಗಳನ್ನು ಮತ್ತೆ ಕೆದಕಿ ನೋಡಿದಾಗ ಬೇರೆಯದೇ ಕಂಡಿತು. ಕಡಿಮೆ ಭೇಟಿಯ ಗುಂಪಿನಲ್ಲಿ, 32ರಿಂದ 36ನೇ ವಾರದ ನಡುವೆ, ಹೊಟ್ಟೆಯಲ್ಲೇ ತೀರಿಹೋದ ಮಕ್ಕಳು ಜಾಸ್ತಿ ಇದ್ದರು. ಭೇಟಿಗಳ ನಡುವಿನ ಅಂತರ ಹಿಗ್ಗಿದ್ದು ಸರಿಯಾಗಿ ಆ ವಾರಗಳಲ್ಲೇ. ಹಾಗಾಗಿ 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾತು ತಿದ್ದಿಕೊಂಡಿತು. ಕನಿಷ್ಠ ಎಂಟು ಭೇಟಿ. ಮೊದಲನೆಯದು 12 ವಾರದೊಳಗೆ, ಆಮೇಲೆ 20, 26, 30, 34, 36, 38, 40ನೇ ವಾರಗಳಲ್ಲಿ. ನಾಲ್ಕರ ಬದಲು ಎಂಟಾದರೆ ಸಾವಿರ ಹೆರಿಗೆಗೆ 8ರವರೆಗೆ ಶಿಶುಗಳ ಸಾವು ತಪ್ಪಿಸಬಹುದು ಅಂತಲೂ ಹೇಳಿತು. ಈ ಪಟ್ಟಿಯನ್ನು ನೋಡಿ: ಎಂಟರಲ್ಲಿ ಐದು ಭೇಟಿ 30ನೇ ವಾರ ಮತ್ತು ಅದರ ನಂತರವೇ. 26ರ ನಂತರ ಹೆಚ್ಚುಕಡಿಮೆ ಬಿಡುವೇ ಇಲ್ಲ. ಅಪಾಯ ಹೆಚ್ಚುವುದೂ ಅಲ್ಲೇ, ನಮ್ಮ ರಿಜಿಸ್ಟರ್‌ಗಳಲ್ಲಿ ಖಾಲಿ ಚೌಕ ಹೆಚ್ಚುವುದೂ ಅಲ್ಲೇ. ಹೊಟ್ಟೆ ಭಾರ, ನಡೆಯಲು ಕಷ್ಟ, ಬಸ್ಸಿನಲ್ಲಿ ನಿಲ್ಲಲು ಆಗದು. ಬರಬೇಕಾದ ಕಾಲದಲ್ಲೇ ಬರುವುದು ಕಷ್ಟ.

ಹಾಗಂತ ಮೊದಲ ಭೇಟಿಯನ್ನು ತಡ ಮಾಡಿದರೆ ನಡೆಯುತ್ತದೆ ಅಂತ ಅಲ್ಲ. 12 ವಾರದೊಳಗೆ ಬಂದವಳಿಗೆ ಮಾಡಬಹುದಾದ ಎಷ್ಟೋ ಕೆಲಸವನ್ನು 20 ವಾರಕ್ಕೆ ಬಂದವಳಿಗೆ ಮಾಡಲು ಆಗುವುದಿಲ್ಲ. ಹಿಂದಿನ ಬಸಿರಿನಲ್ಲಿ ಬಿಪಿ ಏರಿತ್ತು, ಮೊದಲೇ ಶುಗರ್ ಇದೆ, ಕಿಡ್ನಿ ತೊಂದರೆ ಇದೆ, ಅವಳಿ ಮಕ್ಕಳಿದ್ದಾರೆ ಅಂದರೆ ವೈದ್ಯರು ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. ಅದು 12ನೇ ವಾರದ ಸುಮಾರಿಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ದಿನದ ಲೆಕ್ಕವೂ ಅಷ್ಟೇ. ಬೇಗ ಮಾಡಿದ ಸ್ಕ್ಯಾನ್ ವಾರವನ್ನು ನಿಖರವಾಗಿ ಹೇಳುತ್ತದೆ. ತಡವಾದಷ್ಟೂ ಅಂದಾಜು. ದಿನದ ಲೆಕ್ಕ ತಪ್ಪಿದರೆ ಮಗು ಚಿಕ್ಕದಾಗಿದೆಯೋ ಅಥವಾ ವಾರವೇ ಕಡಿಮೆಯೋ ಅಂತ ಕೊನೆಯವರೆಗೂ ಗೊಂದಲ. ಎಂಟನೇ ತಿಂಗಳಲ್ಲಿ ಆ ಗೊಂದಲದ ಮೇಲೆ ತೀರ್ಮಾನ ತೆಗೆದುಕೊಳ್ಳಬೇಕಾದ ವೈದ್ಯರ ಮುಖ ನೋಡಬೇಕು ನೀವು.

ಮೊದಲ ರಕ್ತ ಪರೀಕ್ಷೆ ಇನ್ನೊಂದು. ಸಿಫಿಲಿಸ್ ಅನ್ನುವ ಲೈಂಗಿಕ ಸೋಂಕು ಇರುವ ತಾಯಿಗೆ ಸಮಯಕ್ಕೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರೆ ಮಗು ಉಳಿಯುತ್ತದೆ. ಕೊಡದಿದ್ದರೆ ಹೊಟ್ಟೆಯಲ್ಲೇ ತೀರಿಕೊಳ್ಳಬಹುದು, ಇಲ್ಲ ಸೋಂಕು ಹೊತ್ತೇ ಹುಟ್ಟಬಹುದು. ಎಚ್‌ಐವಿ ಇರುವ ತಾಯಿಯಿಂದ ಮಗುವಿಗೆ ದಾಟುವ ಸಾಧ್ಯತೆ ಚಿಕಿತ್ಸೆ ಇಲ್ಲದಿದ್ದರೆ ನೂರಕ್ಕೆ 15ರಿಂದ 45. ಚಿಕಿತ್ಸೆ ಸರಿಯಾಗಿ ನಡೆದರೆ 5ಕ್ಕಿಂತ ಕಡಿಮೆ. ಕ್ಯೂಬಾ 2015ರಲ್ಲಿ, ತಾಯಿಯಿಂದ ಮಗುವಿಗೆ ಎಚ್‌ಐವಿ ಮತ್ತು ಸಿಫಿಲಿಸ್ ದಾಟುವುದನ್ನು ತಡೆದ ಮೊದಲ ದೇಶ ಅಂತ ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆಯಿತು. ಅದರ ಹಿಂದೆ ಹೊಸ ಔಷಧ ಏನೂ ಇರಲಿಲ್ಲ. ಬಸುರಿಯರು ಬೇಗ ಬಂದರು, ಎಲ್ಲರಿಗೂ ಪರೀಕ್ಷೆಯಾಯಿತು, ಬೇಕಾದವರಿಗೆ ಚಿಕಿತ್ಸೆ ಸಿಕ್ಕಿತು. ರಕ್ತದ ಗುಂಪು ನೆಗೆಟಿವ್ ಇರುವವರಿಗೆ 28ನೇ ವಾರದಲ್ಲಿ ಕೊಡುವ ಆ್ಯಂಟಿ-ಡಿ ಇಂಜೆಕ್ಷನ್, 24ರಿಂದ 28ನೇ ವಾರದಲ್ಲಿ ಮಾಡುವ ಶುಗರ್ ಪರೀಕ್ಷೆ, ಟೆಟನಸ್ ಲಸಿಕೆ, ಇವುಗಳ ಬಗ್ಗೆ ನಿಮ್ಮ ಅಧಿಕಾರಿಗಳೇ ವಿವರ ಕೊಟ್ಟಾರು, ನಾನು ಬೆಳೆಸುವುದಿಲ್ಲ.

ಫೋಲಿಕ್ ಆ್ಯಸಿಡ್ ಮಾತ್ರ ಹೇಳಲೇಬೇಕು. ಮಗುವಿನ ಬೆನ್ನುಹುರಿಯಾಗುವ ಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನಕ್ಕೇ ಮುಚ್ಚಿಕೊಳ್ಳುತ್ತದೆ. ಆಗ ಎಷ್ಟೋ ಜನರಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಮುಟ್ಟು ನಿಂತು, ಮನೆಯಲ್ಲಿ ಹೇಳಿ, ಪುರುಸೊತ್ತು ಮಾಡಿಕೊಂಡು ನಮ್ಮ ಹತ್ತಿರ ಬರುವಷ್ಟರಲ್ಲಿ ಆ ಕೊಳವೆಯ ಕೆಲಸ ಮುಗಿದಿರುತ್ತದೆ. ಹಾಗಾಗಿ ಮಗು ಬೇಕು ಅಂದುಕೊಂಡ ದಿನದಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಬೇಕು. ಈ ಮಾತು ಮದುವೆಯಾದವರ ಕಿವಿಗೆ ಬೀಳಬೇಕೇ ಹೊರತು ನಮ್ಮ ಕೋಣೆಯ ಗೋಡೆಯ ಮೇಲಿನ ಪೋಸ್ಟರಿನಲ್ಲಿದ್ದರೆ ಉಪಯೋಗವಿಲ್ಲ. ಅಲ್ಲಿಗೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ಈಗ ರಕ್ತಹೀನತೆ. ಇದರಲ್ಲಿ ನಾವು ಲೆಕ್ಕ ಕೊಡುವ ರೀತಿಯೇ ನನಗೆ ಸಿಟ್ಟು ತರಿಸುತ್ತದೆ. ವರದಿಯಲ್ಲಿರುವುದು 'ಕಬ್ಬಿಣದ ಮಾತ್ರೆ ವಿತರಣೆ: ಇಷ್ಟು'. ವಿತರಣೆ ಆದದ್ದು ನಿಜ. ನುಂಗಿದರಾ? ಬಸಿರಿನಲ್ಲಿ ಮೈಯ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಜಾಸ್ತಿಯಾಗುತ್ತದೆ, ಇಡೀ ಬಸಿರಿಗೆ ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಬೇಕು. ದಿನ ತುಂಬಿದಾಗ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡದಿದ್ದರೆ ರಕ್ತ ಯಾವ ವೇಗದಲ್ಲಿ ಹೋಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಹಿಮೋಗ್ಲೋಬಿನ್ 12 ಇದ್ದವಳು ತಡೆದುಕೊಳ್ಳುವ ರಕ್ತಸ್ರಾವವನ್ನು 6 ಇದ್ದವಳು ತಡೆದುಕೊಳ್ಳಲಾರಳು. ಅವಳ ಸಾವಿನ ಕಾರಣದ ಜಾಗದಲ್ಲಿ 'ರಕ್ತಸ್ರಾವ' ಅಂತ ಬರೆಯುತ್ತಾರೆ. ಐದು ತಿಂಗಳು ಮೊದಲು ಶುರುವಾದ ಕಾರಣವನ್ನು ಬರೆಯಲು ಅಲ್ಲಿ ಜಾಗವಿಲ್ಲ.

ಮಾತ್ರೆ ಯಾಕೆ ನುಂಗುವುದಿಲ್ಲ ಅಂತ ಕೂತು ಕೇಳಿದರೆ ಹೇಳುತ್ತಾರೆ. ವಾಕರಿಕೆ. ಮಲಬದ್ಧತೆ. ಮಲ ಕಪ್ಪಗಾಯಿತು, ಹೆದರಿಕೆಯಾಯಿತು. ಮಗು ತುಂಬಾ ದಪ್ಪ ಆಗಿ ಹೆರಿಗೆ ಕಷ್ಟವಾಗುತ್ತೆ ಅಂತ ಯಾರೋ ಅಂದರು. ಕಪ್ಪಗಾಗುವುದು ಮಾತ್ರೆಯ ಬಣ್ಣ, ಅಪಾಯ ಅಲ್ಲ ಅಂತ ಮೊದಲೇ ಹೇಳಿಬಿಟ್ಟರೆ ಅರ್ಧ ಭಯ ಹೋಯಿತು. ವಾಕರಿಕೆ ಜಾಸ್ತಿ ಇದ್ದರೆ ರಾತ್ರಿ ಮಲಗುವಾಗ ತೆಗೆದುಕೊಳ್ಳಿ ಅನ್ನಬಹುದು. ಅದೂ ಆಗದಿದ್ದರೆ ವೈದ್ಯರು ಬೇರೆ ಮಾತ್ರೆ ಕೊಡುತ್ತಾರೆ, ಕಬ್ಬಿಣದ ಇಂಜೆಕ್ಷನ್ನೂ ಇದೆ. ಆದರೆ ಈ ಮಾತುಕತೆಗೆ ಐದು ನಿಮಿಷ ಬೇಕು. ಹೊರಗೆ ಉದ್ದ ಸಾಲು ನಿಂತಿರುವಾಗ ಆ ಐದು ನಿಮಿಷ ಎಲ್ಲಿಂದ ತರಲಿ?

ನಿಮ್ಮ ಅಂಕಿಗಳ ಬಗ್ಗೆ ಇನ್ನೊಂದು ಕಹಿ ಸತ್ಯ. ಒಮ್ಮೆ ಬೇರೊಂದು ಕೇಂದ್ರಕ್ಕೆ ಬದಲಿ ಕೆಲಸಕ್ಕೆ ಹೋಗಿದ್ದೆ. ಅಲ್ಲಿನ ರಿಜಿಸ್ಟರ್ ತೆರೆದೆ. ಅಕ್ಷರ ಮುತ್ತಿನಂತೆ, ಒಂದು ಚೌಕವೂ ಖಾಲಿಯಿಲ್ಲ. ಬಿಪಿ ಕಾಲಂ ಮೇಲಿನಿಂದ ಕೆಳಗೆ ಓದಿದೆ: 120/80, 120/80, 110/70, 120/80, 120/80. ಮುಂದಿನ ಪುಟವೂ ಹಾಗೇ. ಅಷ್ಟು ಜನ ಬಸುರಿಯರಲ್ಲಿ 126 ಇಲ್ಲ, 114 ಇಲ್ಲ, 138 ಅಂತೂ ಇಲ್ಲವೇ ಇಲ್ಲ. ಮೆಷಿನ್ ತೆಗೆದು ನೋಡಿದರೆ ತೋಳಿಗೆ ಸುತ್ತುವ ಪಟ್ಟಿ ಹರಿದು ಗಾಳಿಯೇ ನಿಲ್ಲುತ್ತಿರಲಿಲ್ಲ. ಹೊಸದಕ್ಕೆ ಪತ್ರ ಹೋಗಿ ಎಷ್ಟೋ ಕಾಲವಾಗಿತ್ತಂತೆ. ಸಿಬ್ಬಂದಿಯನ್ನು ಬೈಯುವುದು ಸುಲಭ. ಚೌಕ ಖಾಲಿ ಬಿಟ್ಟರೆ ನೋಟಿಸ್ ಬರುತ್ತದೆ, ತುಂಬಿದರೆ ಯಾರೂ ಕೇಳುವುದಿಲ್ಲ. ಅಂಥ ಕಡೆ ಚೌಕ ತುಂಬಿಯೇ ತುಂಬುತ್ತದೆ.

ಬಿಪಿ ಸರಿಯಾಗಿ ನೋಡುವುದು ಹೇಗೆ ಅಂತ ಒಮ್ಮೆ ಪಕ್ಕದಲ್ಲಿ ನಿಂತು ಗಮನಿಸಿ. ಅವಳು ಬಂದು ಐದು ನಿಮಿಷ ಕೂರಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಹಾಕಿರಬಾರದು. ಮೂತ್ರ ಕಟ್ಟಿಕೊಂಡಿರಬಾರದು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ತೋಳು ದಪ್ಪ ಇದ್ದರೆ ದೊಡ್ಡ ಪಟ್ಟಿ ಬೇಕು, ಇಲ್ಲದಿದ್ದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ನೋಡುವಾಗ ಮಾತಾಡಿಸಬಾರದು. ಏರಿದ್ದು ಕಂಡರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು. ಇದಕ್ಕೆ ಒಂದು ಕುರ್ಚಿ, ಒಂದು ಮೇಜು, ಎರಡು ಅಳತೆಯ ಪಟ್ಟಿ, ಹತ್ತಿರದಲ್ಲೇ ಒಂದು ಶೌಚಾಲಯ ಸಾಕು. ಬಜೆಟ್ ಭಾಷಣದಲ್ಲಿ ಇವುಗಳ ಹೆಸರು ಎಂದೂ ಬರುವುದಿಲ್ಲ, ಅಲ್ವಾ?

ನಾನು ಇನ್ನಷ್ಟು ದೊಡ್ಡ ಯಂತ್ರ ಕೇಳುತ್ತಿದ್ದೇನೆ ಅಂತ ತಿಳಿಯಬೇಡಿ. ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸುವುದೇ ಆರೈಕೆ ಅಂತ ಈಗ ಎಷ್ಟೋ ಮನೆಗಳಲ್ಲಿ ನಂಬಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಬೇಕು ಅನ್ನುವುದು 24 ವಾರದೊಳಗೆ ಒಂದು ಸ್ಕ್ಯಾನ್. ಉಳಿದದ್ದು ಕಾರಣ ಇದ್ದರೆ ಮಾತ್ರ. ಒಂದು ಅಳತೆ ಟೇಪು ಎಷ್ಟು ಕೆಲಸ ಮಾಡುತ್ತದೆ ಗೊತ್ತೇ? 24ನೇ ವಾರದಿಂದ ಹೊಟ್ಟೆಯ ಎತ್ತರ ಸೆಂಟಿಮೀಟರಿನಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ವಾರ. 32 ವಾರಕ್ಕೆ 27 ಬಂದರೆ ಏನೋ ಸರಿಯಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ, ಆಗ ಸ್ಕ್ಯಾನಿಗೆ ಕಳಿಸುತ್ತೇವೆ.

ತಪಾಸಣೆ ಎಲ್ಲವನ್ನೂ ಮೊದಲೇ ಹೇಳಿಬಿಡುತ್ತದೆ ಅಂತಲೂ ನಾನು ಹೇಳುವುದಿಲ್ಲ. ಎಂಟಕ್ಕೆ ಎಂಟೂ ಭೇಟಿ ಮಾಡಿದ, ಏನೂ ತೊಂದರೆ ಇಲ್ಲದ ತಾಯಿಗೂ ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹೋಗಬಹುದು. ಅದಕ್ಕೆ ಹೆರಿಗೆ ಕೋಣೆಯಲ್ಲಿ ಕಲಿತ ಕೈಗಳು, ಔಷಧ, ರಕ್ತ, ವಾಹನ ಎಲ್ಲ ಬೇಕೇ ಬೇಕು. ಆದರೆ ಯಾವ ಆಸ್ಪತ್ರೆಗೆ ಹೋಗುವುದು, ರಾತ್ರಿ ನೋವು ಬಂದರೆ ಯಾರಿಗೆ ಫೋನ್ ಮಾಡುವುದು, ಯಾವ ಲಕ್ಷಣ ಕಂಡರೆ ಕಾಯಬಾರದು ಅನ್ನುವ ಮಾತು ಆಗುವುದು ತಪಾಸಣೆಯ ದಿನವೇ. ಮಗು ಆಡುವುದು ಕಡಿಮೆಯಾದರೆ ನಾಳೆಗೆ ನೋಡೋಣ ಅನ್ನದೆ ಅವತ್ತೇ ಬರಬೇಕು ಅನ್ನುವುದನ್ನು ನಾವು ಹೇಳದಿದ್ದರೆ ಬೇರೆ ಯಾರು ಹೇಳುತ್ತಾರೆ?

ಯಾಕೆ ಬರುವುದಿಲ್ಲ ಅನ್ನುವುದಕ್ಕೆ ಬರುತ್ತೇನೆ. 'ತಿಳಿವಳಿಕೆ ಇಲ್ಲ' ಅಂತ ಅಧಿಕಾರಿಗಳು ಬರೆಯುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ದಿನಗೂಲಿಯವಳಿಗೆ ಒಂದು ತಪಾಸಣೆ ಅಂದರೆ ಒಂದು ದಿನದ ಕೂಲಿ. ಜತೆಗೆ ಬರುವವರದ್ದೂ ಸೇರಿದರೆ ಎರಡು. ಬೆಳಗ್ಗೆ ಬಂದು ಸಾಲಿನಲ್ಲಿ ನಿಂತರೆ ವೈದ್ಯರ ಕೋಣೆ ಸೇರುವಾಗ ಮಧ್ಯಾಹ್ನ. ರಕ್ತ ಕೊಟ್ಟರೆ ವರದಿಗೆ ನಾಳೆ ಬನ್ನಿ ಅನ್ನುತ್ತೇವೆ. ಆ ನಾಳೆ ಇನ್ನೊಂದು ಕೂಲಿ. ಗರ್ಭಿಣಿ ತಪಾಸಣೆಗಾಗಿ ಕೆಲಸದ ಜಾಗ ಬಿಟ್ಟು ಹೋಗಲು ಅವಕಾಶ ಇರಬೇಕು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2000ದಲ್ಲೇ ಶಿಫಾರಸು ಮಾಡಿದೆ. ಆ ಕಾಗದ ಮೇಸ್ತ್ರಿಯ ಕೈಗೆ ತಲುಪಿಲ್ಲ.

ಆಮೇಲೆ ನಮ್ಮ ಬಾಯಿ. ತಡವಾಗಿ ಬಂದವಳಿಗೆ 'ಈಗ ಪುರುಸೊತ್ತಾಯ್ತಾ?' ಅನ್ನುವುದು, ನಾಲ್ಕನೆಯ ಬಸಿರಿನವಳಿಗೆ 'ಮತ್ತೆ ಬಂದ್ಯಾ?' ಅನ್ನುವುದು, ಮದುವೆಯಾಗದವಳನ್ನು ಎಲ್ಲರೆದುರು ಹೆಸರು ಕೂಗಿ ಕರೆದು ಪ್ರಶ್ನೆ ಮಾಡುವುದು. ಆ ಮಾತು ಕೇಳಿ ಹೋದವಳು ಮತ್ತೆ ಬರುವುದು ನೋವು ಶುರುವಾದ ಮೇಲೇ. ಬೈಗುಳ ತಿಂದು ಮನೆಗೆ ಹೋದವಳ ಅಂಕಿಯೂ ನಿಮ್ಮ ವರದಿಯಲ್ಲಿ 'ಗೈರು' ಕೂಡ ಆಗುವುದಿಲ್ಲ. ಸುಮ್ಮನೆ ಇಲ್ಲವಾಗುತ್ತಾಳೆ. ಮನಸ್ಸು ಕುಗ್ಗಿದವಳು, ಮನೆಯಲ್ಲಿ ಹೊಡೆತ ತಿನ್ನುವವಳು ಕೂಡ ಬಾಯಿ ಬಿಡುವುದು ನಗುತ್ತಾ ಮಾತಾಡಿಸಿದವರ ಹತ್ತಿರ ಮಾತ್ರ. ಒಬ್ಬಳೇ ನರ್ಸ್ ಪ್ರತಿ ಸಲ ಸಿಕ್ಕರೆ ಅದು ಇನ್ನೂ ಸುಲಭ.

ಅದಕ್ಕೇ ನನ್ನ ಬೇಡಿಕೆ. ಪ್ರತಿ ಕೇಂದ್ರದಲ್ಲೂ ತಪಾಸಣೆಯ ದಿನ ಸಂಜೆ, ಇವತ್ತು ಬರಬೇಕಾಗಿದ್ದು ಬಾರದವರ ಪಟ್ಟಿ ಆಗಬೇಕು. ಮಾರನೆಯ ದಿನ ಫೋನ್. ಸಿಗದಿದ್ದರೆ ವಾರದೊಳಗೆ ಒಬ್ಬರು ಮನೆಗೆ ಹೋಗಿ ಬರಬೇಕು. ಬಾರದ ಕಾರಣವನ್ನು ಎದುರು ಬರೆಯಬೇಕು. ಬೇರೆ ಊರಿಗೆ ಹೋದಳು, ಗರ್ಭ ನಿಲ್ಲಲಿಲ್ಲ, ಖಾಸಗಿ ವೈದ್ಯರ ಹತ್ತಿರ ತೋರಿಸುತ್ತಿದ್ದಾಳೆ, ಬಸ್ ಇಲ್ಲ, ಕೂಲಿ ಹೋಗುತ್ತೆ, ಸಿಸ್ಟರ್ ಬೈದರು. ಹೌದು, ಅದನ್ನೂ ಬರೆಯಬೇಕು. ಮೂರು ತಿಂಗಳು ಈ ಪಟ್ಟಿ ಇಟ್ಟರೆ ಎಲ್ಲಿ ಸಂಜೆ ಕ್ಲಿನಿಕ್ ಬೇಕು, ಎಲ್ಲಿ ವಾಹನ ಬೇಕು, ಎಲ್ಲಿ ಸಿಬ್ಬಂದಿಗೆ ಬುದ್ಧಿ ಹೇಳಬೇಕು ಅಂತ ನಿಮಗೆ ಯಾವ ಸಲಹಾ ಸಮಿತಿಯೂ ಬೇಡದೆ ತಿಳಿಯುತ್ತದೆ. ತಿಂಗಳ ವರದಿಯಲ್ಲಿ ಈ ಕಾಲಂ ಸೇರಿಸಿ. ಖಾಲಿ ಚೌಕ ಕಂಡರೆ ನೋಟಿಸ್ ಕೊಡಬೇಡಿ, ಕಾರಣ ಕೇಳಿ. ನೋಟಿಸ್ ಕೊಟ್ಟರೆ ಮತ್ತೆ 120/80 ಶುರು.

ಇದರ ಜತೆ ಇನ್ನೆರಡು. ತಪಾಸಣೆಯ ಕಾರ್ಡ್ ಅವಳ ಕೈಯಲ್ಲೇ ಇರಲಿ, ಎಲ್ಲ ಫಲಿತಾಂಶ ಅದರಲ್ಲಿ ಓದಲು ಬರುವಂತೆ ಬರೆದಿರಲಿ. ಮಧ್ಯರಾತ್ರಿ ಬೇರೆ ಆಸ್ಪತ್ರೆಗೆ ಹೋದರೂ ಅಲ್ಲಿನವರಿಗೆ ರಕ್ತದ ಗುಂಪು, ಹಳೆಯ ಬಿಪಿ, ಹಿಂದಿನ ಸಿಸೇರಿಯನ್ ಎಲ್ಲ ಸಿಗಬೇಕು. ಮತ್ತು ಹಿಮೋಗ್ಲೋಬಿನ್, ಮೂತ್ರ, ಸಿಫಿಲಿಸ್, ಎಚ್‌ಐವಿ ಫಲಿತಾಂಶ ಅದೇ ದಿನ, ಅವಳು ಮನೆಗೆ ಹೋಗುವ ಮೊದಲೇ ಸಿಗಲಿ. ಇವಕ್ಕೆ ಅಲ್ಲೇ ಮಾಡುವ ಪರೀಕ್ಷೆಗಳು ಇವೆ.

ಸಾಧ್ಯವೇ ಅನ್ನುವವರಿಗೆ ಶ್ರೀಲಂಕಾ ತೋರಿಸಿ. ಅದೇನೂ ಶ್ರೀಮಂತ ದೇಶವಲ್ಲ. ಪ್ರತಿ ಪ್ರದೇಶಕ್ಕೂ ಒಬ್ಬ ಸೂಲಗಿತ್ತಿ-ನರ್ಸನ್ನು ಸರ್ಕಾರವೇ ನೇಮಿಸಿ, ಅವರು ಬಸುರಿಯರ ಮನೆಗೇ ಹೋಗಿ ಹೆಸರು ಬರೆದುಕೊಂಡು ಹಿಂದೆ ಬಿದ್ದು ನೋಡಿಕೊಂಡದ್ದರಿಂದ ತಾಯಂದಿರ ಸಾವು ದಶಕದಿಂದ ದಶಕಕ್ಕೆ ಇಳಿಯಿತು. ಪ್ರತಿ ತಾಯಿಯ ಸಾವನ್ನೂ ಅಲ್ಲಿ ವಿಚಾರಣೆ ಮಾಡುತ್ತಾರೆ. ಇಂಗ್ಲೆಂಡಿನಲ್ಲೂ 1952ರಿಂದ ಗುಟ್ಟಾಗಿ, ಯಾರ ಹೆಸರೂ ಬಯಲಾಗದಂತೆ, ಇಂಥ ವಿಚಾರಣೆ ನಡೆಯುತ್ತಿದೆ. ಹೆಸರು ಬಯಲಾಗದು ಅಂದಾಗ ಮಾತ್ರ ಸಿಬ್ಬಂದಿ ನಿಜ ಹೇಳುತ್ತಾರೆ. ನಮ್ಮಲ್ಲಿ ಸಾವಾದರೆ ಮೊದಲು ಹುಡುಕುವುದು ಯಾರನ್ನು ಅಮಾನತು ಮಾಡೋಣ ಅಂತ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ ಅದು. ಅವಳು ಎಷ್ಟನೇ ವಾರದಲ್ಲಿ ನಮ್ಮ ಕೈತಪ್ಪಿದಳು ಅನ್ನುವುದು ಮೊದಲ ಪ್ರಶ್ನೆಯಾಗಬೇಕು.

2023ರಲ್ಲಿ ಜಗತ್ತಿನಲ್ಲಿ ಸುಮಾರು 2,60,000 ಹೆಂಗಸರು ಬಸಿರು, ಹೆರಿಗೆ, ಬಾಣಂತನದ ಕಾರಣಕ್ಕೆ ಸತ್ತರು ಅಂತ ವಿಶ್ವಸಂಸ್ಥೆಯ ಅಂದಾಜು. ದಿನಕ್ಕೆ 700ಕ್ಕೂ ಹೆಚ್ಚು. ಒಂದು ಲಕ್ಷ ಜನನಕ್ಕೆ 197. 2030ರೊಳಗೆ ಇದನ್ನು 70ಕ್ಕಿಂತ ಕೆಳಗೆ ಇಳಿಸುತ್ತೇವೆ ಅಂತ 2015ರಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳೆಲ್ಲ ಒಪ್ಪಿಕೊಂಡವು. ಈ ಸಾವುಗಳಲ್ಲಿ ಬಹುಪಾಲು ತಪ್ಪಿಸಬಹುದಾದವು.

ನಮ್ಮ ವಿಭಾಗಕ್ಕೆ ಒಮ್ಮೆ ಬನ್ನಿ. ಮೊದಲೇ ತಿಳಿಸಬೇಡಿ. ತಿಳಿಸಿದರೆ ಗೋಡೆಗೆ ಸುಣ್ಣ ಬಳಿಯುತ್ತಾರೆ, ಎಲ್ಲಿಂದಲೋ ಹೊಸ ಬಿಪಿ ಮೆಷಿನ್ ತಂದಿಡುತ್ತಾರೆ, ನೀವು ಹೋದ ಮೇಲೆ ಅದೂ ಹೋಗುತ್ತದೆ. ತಪಾಸಣೆಯ ದಿನ ಬೆಳಗ್ಗೆಯೇ ಬಂದು ಸಾಲಿನ ಕೊನೆಯಲ್ಲಿ ನಿಂತವರನ್ನು ಎಷ್ಟು ಹೊತ್ತಿಗೆ ಬಂದಿರಿ ಅಂತ ಕೇಳಿ. ಆಮೇಲೆ ರಿಜಿಸ್ಟರ್ ತೆಗೆಸಿ, 30ನೇ ವಾರದ ನಂತರ ಬಾರದ ಒಬ್ಬಳ ಹೆಸರು ಆರಿಸಿ, ಅವಳು ಈಗ ಎಲ್ಲಿದ್ದಾಳೆ ಅಂತ ನಮ್ಮನ್ನು ಕೇಳಿ. ಉತ್ತರ ಬರದಿದ್ದರೆ, ನಮ್ಮ ಫೋನಿನಿಂದಲೇ ಅವಳಿಗೆ ಒಂದು ಕರೆ ಮಾಡಿ.

ಇಂತಿ ನಮಸ್ಕಾರಗಳೊಂದಿಗೆ,
ಗರ್ಭಿಣಿಯರ ತಪಾಸಣಾ ವಿಭಾಗದ ಒಬ್ಬ ನರ್ಸ್